ಬ್ಯಾರನ್ನಿನಲ್ಲಿ ಹದವಾದ ಪುಸ್ತಕಗಳು

ಜುಲೈ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂವರೆ ಗಂಟೆ. ಸ್ಥಳ, ಬೆಟ್ಟದಪುರದಿಂದ ಸ್ವಲ್ಪ ಆಚೆ, ನನ್ನ ಭಾವಮೈದನ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಅಂಗಳ. ಹಾಜರಿದ್ದವರು ನಾನು, ನನ್ನ ಹೆಂಡತಿ, ಅವಳ ತಮ್ಮನ ಹೆಂಡತಿ ಲಕ್ಷ್ಮಿ ಮತ್ತು ಸೊಪ್ಪು ವಿಂಗಡಿಸುವ ಚೌಡಮ್ಮ. ತಡವಾಗಿ ಬಂದವನು ಭಾವಮೈದ. ತನ್ನ ಮನೆಯ ಹಿತ್ತಲಿನಿಂದ ತನ್ನದೇ ಬ್ಯಾರನ್ನಿಗೆ ಬರಲು ಹನ್ನೆರಡು ನಿಮಿಷ ತಡ! ನಾನು ಹುಣಸೂರಿನಿಂದ ಬಂದಿದ್ದೆ, ಐದು ನಿಮಿಷ ಮುಂಚೆಯೇ ನಿಂತಿದ್ದೆ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನಿಗೆ ಹಾಜರಿ ತೆಗೆದುಕೊಳ್ಳದೆ ಕೆಲಸ ಶುರುಮಾಡಲು ಬರುವುದಿಲ್ಲ. ನಿವೃತ್ತನಾಗಿ ಒಂಬತ್ತು ವರ್ಷವಾದರೂ ಪೀಪಿ ಕೊರಳಲ್ಲೇ ಇದೆ, ಕಿಟ್ ಬ್ಯಾಗು ಹೆಗಲಲ್ಲೇ ಇದೆ.

ಈ ಭಾವಮೈದನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಅವನಷ್ಟು ಪುಸ್ತಕ ಕೂಡಿಹಾಕಿದ ರೈತ ಇನ್ನೊಬ್ಬನಿರಲಾರ. ಅವನಷ್ಟು ಕಡಿಮೆ ಪುಸ್ತಕ ಓದಿದವನೂ ಇನ್ನೊಬ್ಬನಿರಲಾರ! ಕಡಿಮೆ ಎಂದರೆ ಎಷ್ಟು? ಒಂದೂ ಇಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟವನು. ಬಸ್ಸಿನ ಬೋರ್ಡು ಓದುತ್ತಾನೆ, ಗೊಬ್ಬರದ ಚೀಲ ಓದುತ್ತಾನೆ, ಅಲ್ಲಿಗೆ ಮುಗಿಯಿತು.

"ಓದದ ಮೇಲೆ ಯಾಕೋ ಇಷ್ಟು ಪುಸ್ತಕ?" ಎಂದು ಒಮ್ಮೆ ಕೇಳಿದ್ದೆ.

"ಓದೋದೇನ್ ಬುಡಿ ಭಾವ, ಯಾರ್ ಬೇಕಾದ್ರೂ ಓದ್ತಾರೆ. ಸಿಗಬೇಕು ಕಣ್ರೀ! ಗುಡ್ಡೇಲಿ ಕೈ ಆಕ್ದಾಗ ಅದು ಬಂದು ಕೈಗೆ ತಗಲ್ಬೇಕು. ಆಗ ನೋಡಿ, ಎದೆ ಡವ್ ಅಂತದೆ."

ಎದೆ ಡವ್ ಎನ್ನಿಸಿಕೊಳ್ಳಲು ಅವನು ಹಳೆಯ ಮೊಪೆಡ್ಡಿನಲ್ಲಿ ನಾಲ್ಕು ತಾಲ್ಲೂಕು ಸುತ್ತುತ್ತಾನೆ. ಹುಣಸೂರಿನ ಗುಜರಿ ಅಂಗಡಿಗಳು, ಪಿರಿಯಾಪಟ್ಟಣದ ಸಂತೆ, ಕೆ.ಆರ್. ನಗರದ ರದ್ದಿ ಗೋಡೌನು, ಎಚ್.ಡಿ. ಕೋಟೆಯಲ್ಲಿ ಬಾಟಲಿ ಕೊಳ್ಳುವವನ ಷೆಡ್ಡು. ಹನ್ನೊಂದು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಹತ್ತಿದ ಚಟ. ಅದಕ್ಕೆ ಮುಂಚೆ ಅವನಿಗೂ ಕಾಗದಕ್ಕೂ ಇದ್ದ ಸಂಬಂಧವೆಂದರೆ ಬೀಡಿ ಕಟ್ಟಿನ ಸುತ್ತಿನ ಕಾಗದ ಮಾತ್ರ.

ಅವನ ಹುಡುಕಾಟಕ್ಕೂ ಒಂದು ಕ್ರಮವಿದೆ ಎಂದರೆ ನಂಬುತ್ತೀರಾ? ಹುಣಸೂರಿನ ಗುಜರಿಗೆ ನಾನೇ ಒಮ್ಮೆ ಜೊತೆಗೆ ಹೋಗಿ ನೋಡಿದ್ದೇನೆ. ನೇರವಾಗಿ ಪುಸ್ತಕದ ಗುಡ್ಡೆಯ ಹತ್ತಿರ ಹೋಗುವುದಿಲ್ಲ. ಮೊದಲು ಹಳೇ ಪಂಪ್‌ಸೆಟ್ಟಿನ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾನೆ. ಒಂದು ನೇಗಿಲನ್ನು ಕಾಲಲ್ಲಿ ತಳ್ಳುತ್ತಾನೆ. ಆಮೇಲೆ ಏನೋ ಎಡವಿದವನ ಹಾಗೆ ಪುಸ್ತಕದ ರಾಶಿಯ ಮೇಲೆ ಕುಳಿತುಬಿಡುತ್ತಾನೆ.

"ಯಾಕಪ್ಪ ಸುಸ್ತಾಯ್ತಾ?" ಎಂದ ಅಂಗಡಿಯವ.

"ಊಂ ಕಣಣ್ಣ, ಬಿಸ್ಲು."

ಹೊರಗೆ ಮೋಡ ಕವಿದು ತುಂತುರು ಬೀಳುತ್ತಿತ್ತು! ಕುಳಿತಲ್ಲೇ ಕೈ ಹಿಂದಕ್ಕೆ ಹಾಕಿ ಒಂದೊಂದೇ ಪುಸ್ತಕ ಎಳೆಯುತ್ತಾನೆ. ರಕ್ಷಾಪುಟ ನೋಡುವುದಿಲ್ಲ, ಹೆಸರು ನೋಡುವುದಿಲ್ಲ. ನೇರವಾಗಿ ಹದಿನೇಳನೆಯ ಪುಟ ತೆಗೆಯುತ್ತಾನೆ. ನೋಡುತ್ತಾನೆ. ಮುಚ್ಚುತ್ತಾನೆ. ಮತ್ತೊಂದು. ಮತ್ತೆ ಹದಿನೇಳನೆಯ ಪುಟ. ಅದೇನು ಗಿಳಿಶಾಸ್ತ್ರವೋ, ಯಾರು ಹೇಳಿಕೊಟ್ಟ ನೇಮವೋ! ಕೇಳಿದರೆ ಹಲ್ಲು ಕಿರಿಯುತ್ತಾನೆ. ಕೊನೆಗೆ ಅಂಗಡಿಯವನೇ ಹೇಳಿದ: "ಸಾರ್, ಈ ಯಜಮಾನ್ರು ಆರು ವರ್ಷದಿಂದ ನಮ್ ಅಂಗ್ಡೀಲಿ ಅದೇ ಪಂಪ್‌ಸೆಟ್ಟು ನೋಡ್ತಾವ್ರೆ. ಅದ್ನ ಮಾರ್ಬಾರ್ದು ಅಂತ ನಾನೂ ಅಂಗೇ ಮಡಿಕಂಡಿವ್ನಿ. ಪಾಪ, ನಾಚ್ಕೆ ಮುಚ್ಕಳೋಕೆ ಏನಾದ್ರೂ ಬೇಕಲ್ಲ!"

ಕೆ.ಆರ್. ನಗರದ ಕಥೆ ಇದಕ್ಕಿಂತ ಘನವಾದದ್ದು. ಬಸ್ ಸ್ಟ್ಯಾಂಡಿನ ಹೊರಗೆ ಹುರಿದ ಕಡಲೆಕಾಯಿ ಮಾರುವ ಒಬ್ಬಾಕೆ ಒಂದು ದಪ್ಪ ಪುಸ್ತಕದಿಂದ ಹಾಳೆ ಹರಿದು ಹರಿದು ಪೊಟ್ಟಣ ಕಟ್ಟುತ್ತಿದ್ದಳು. ಇವನ ಕಣ್ಣಿಗೆ ಬಿತ್ತು. "ಆ ಪುಸ್ತಕ ಕೊಡವ್ವ" ಎಂದ.

"ಪುಸ್ತಕ ಕೊಟ್ರೆ ನಾನ್ಯಾವುದ್ರಲ್ಲಿ ಕಟ್ಲಿ? ಕಾಯಿ ಬೇಕಾ, ತಗೊ."

ಬುದ್ಧಿ ಇರುವವನು ಪಕ್ಕದ ಅಂಗಡಿಯಿಂದ ಒಂದು ದಿನಪತ್ರಿಕೆ ತಂದುಕೊಟ್ಟು ಪುಸ್ತಕ ತೆಗೆದುಕೊಳ್ಳುತ್ತಿದ್ದ. ಇವನು ಕಾಯಿ ತೆಗೆದುಕೊಂಡ! ಒಂದು ಪೊಟ್ಟಣ ತಿಂದ, ಹಾಳೆ ಮಡಿಸಿ ಜೇಬಿಗಿಟ್ಟ. ಇನ್ನೊಂದು ಕೇಳಿದ. ಮಧ್ಯೆ ಬೇರೆ ಗಿರಾಕಿಗಳು ಬಂದರೆ ಅವರ ಹಿಂದೆ ಹೋಗಿ, ಅವರು ತಿಂದು ಬಿಸಾಡುವವರೆಗೆ ಕಾವಲು ನಿಂತು ಹಾಳೆ ಎತ್ತಿಕೊಂಡ. ಮಧ್ಯಾಹ್ನದ ಹೊತ್ತಿಗೆ ಮೂವತ್ತೆರಡು ಪೊಟ್ಟಣ ಕಡಲೆಕಾಯಿ ಅವನೊಬ್ಬನ ಹೊಟ್ಟೆಯಲ್ಲಿತ್ತು. ಹಾಳೆ ಜೋಡಿಸಿ ನೋಡಿದರೆ ಒಂದೇ ಒಂದು ಇಲ್ಲ. ಯಾವುದು? ಹದಿನೇಳನೆಯ ಪುಟದ್ದು!

ಅದು ಒಬ್ಬ ಹೆಂಗಸಿನ ಕೈಯಲ್ಲಿ ಪೊಟ್ಟಣವಾಗಿ ಚುಂಚನಕಟ್ಟೆಯ ಬಸ್ಸು ಹತ್ತಿತ್ತು. ಇವನು ಮೊಪೆಡ್ಡಿನಲ್ಲಿ ಬಸ್ಸಿನ ಹಿಂದೆ ಬಿದ್ದ. ಹೊಟ್ಟೆಯೊಳಗೆ ಕಡಲೆಕಾಯಿ, ಮುಖಕ್ಕೆ ಬಸ್ಸಿನ ಹೊಗೆ. ಚುಂಚನಕಟ್ಟೆಯಲ್ಲಿ ಇಳಿದ ಹೆಂಗಸಿನ ಮುಂದೆ ಕೈಮುಗಿದು ನಿಂತ: "ಅವ್ವಾ, ಆ ಕಾಗ್ದ ಬುಸಾಕ್ಬೇಡ, ನಂಗೆ ಕೊಡವ್ವ."

ಆಕೆ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಅಲ್ಲೇ ನಿಂತ್ಕೊ. ಇನ್ನ ನಾಲ್ಕು ಸಾಲು ಅದೆ. ಓದ್ಬುಟ್ಟು ಕೊಡ್ತೀನಿ" ಎಂದಳಂತೆ.

ಓದಿ ಮುಗಿಸಿ ಹಾಳೆ ಕೊಟ್ಟವಳು ಬಿಡಲಿಲ್ಲ, "ಮುಂದೇನಾಯ್ತು ಯೋಳು" ಎಂದು ಅಡ್ಡಗಟ್ಟಿದಳು. ಓದು ಬಾರದವನು ಏನು ಹೇಳಿಯಾನು? "ಎಲ್ರೂ ಸುಕವಾಗವ್ರೆ ಕಣವ್ವ" ಎಂದು ಹೇಳಿ ಗಾಡಿ ತಿರುಗಿಸಿದ. ಮೂರು ದಿನ ಹೊಟ್ಟೆನೋವಿನಲ್ಲಿ ಮಲಗಿದ್ದ. ಲಕ್ಷ್ಮಿ ಓಮಿನ ಕಷಾಯ ಕಾಯಿಸಿ ಕಾಯಿಸಿ ಕೊಟ್ಟಳು, ಒಂದೊಂದು ಲೋಟಕ್ಕೂ ಒಂದೊಂದು ಬೈಗುಳ ಸೇರಿಸಿ.

ಇನ್ನು ಬ್ಯಾರನ್ನಿನ ವಿಷಯ. ಕಾಣದವರಿಗಾಗಿ ಹೇಳುತ್ತೇನೆ. ಬ್ಯಾರನ್ನು ಎಂದರೆ ಎತ್ತರವಾದ ಇಟ್ಟಿಗೆ ಕೋಣೆ. ಒಳಗೆ ಅಂತಸ್ತು ಅಂತಸ್ತಾಗಿ ಅಡ್ಡ ತೊಲೆಗಳು. ಹೊರಗಿನ ಒಲೆಗೆ ಸೌದೆ ಹಾಕಿದರೆ ದಪ್ಪ ಕೊಳವೆಗಳ ಮೂಲಕ ಶಾಖ ಒಳಗೆಲ್ಲ ಹರಡುತ್ತದೆ. ಕಡ್ಡಿಗೆ ಕಟ್ಟಿ ನೇತುಹಾಕಿದ ಹಸಿರು ಸೊಪ್ಪು ಐದಾರು ದಿನಕ್ಕೆ ಚಿನ್ನದ ಬಣ್ಣಕ್ಕೆ ಬರುತ್ತದೆ. ಸೊಪ್ಪಿನ ಕಾಲ ಮುಗಿದ ಮೇಲೆ ಬ್ಯಾರನ್ನು ಖಾಲಿ. ಎಲ್ಲರೂ ಅದರಲ್ಲಿ ಸೌದೆ, ಹುಲ್ಲು, ಮುರಿದ ಮಂಚ ತುಂಬುತ್ತಾರೆ. ನಮ್ಮವನು ಪುಸ್ತಕ ತುಂಬಿದ.

ತುಂಬಿ ಸುಮ್ಮನಿದ್ದನೇ? ಗುಜರಿಯ ಪುಸ್ತಕವೆಂದರೆ ತೇವ, ಬೂಷ್ಟು, ಬೆಳ್ಳಿ ಹುಳು. ಅದಕ್ಕೆ ಅವನಿಗೆ ತಿಳಿದ ಮದ್ದು ಒಂದೇ. ಸೊಪ್ಪು ಕಟ್ಟುವ ದಾರದಲ್ಲಿ ಪುಸ್ತಕಗಳನ್ನು ಕಡ್ಡಿಗೆ ಎರಡೂ ಕಡೆ ಜೋಡಿ ಜೋಡಿಯಾಗಿ ನೇತುಹಾಕಿ, ಅಂತಸ್ತಿಗೇರಿಸಿ, ಒಲೆಗೆ ಬೆಂಕಿ ಹಾಕಿದ! ಒಂದು ದಿನ ಹದವಾದ ಶಾಖ, ಮಾರನೇ ದಿನ ಸ್ವಲ್ಪ ಜೋರು. ಸಣ್ಣ ಕಿಂಡಿಯಿಂದ ಇಣುಕಿ ಇಣುಕಿ ನೋಡಿದ್ದೇ ನೋಡಿದ್ದು. ಹುಳುವೆಲ್ಲ ಸತ್ತಿತು, ಬೂಷ್ಟು ಉದುರಿತು. ಪುಸ್ತಕಗಳು ಸೊಪ್ಪಿನ ಬಣ್ಣಕ್ಕೇ ತಿರುಗಿ ಘಮ್ಮೆನ್ನುತ್ತ ಹೊರಗೆ ಬಂದವು. ಓದುತ್ತ ಕುಳಿತರೆ ಎರಡು ಸೀನು ಗ್ಯಾರಂಟಿ.

ಮೊದಲ ವರ್ಷ ಮಾತ್ರ ಕೈ ಸ್ವಲ್ಪ ಮುಂದಾಯಿತು. ಶಾಖಕ್ಕೆ ಬೆನ್ನಿನ ಗೋಂದು ಕರಗಿ, ಬಾಗಿಲು ತೆಗೆಯುವಷ್ಟರಲ್ಲಿ ನಲವತ್ತು ಪುಸ್ತಕಗಳ ಹಾಳೆಗಳು ನೆಲದ ಮೇಲೆ ಒಟ್ಟಿಗೇ ಕಲೆತು ಬಿದ್ದಿದ್ದವು. ಯಾವುದು ಯಾವುದರದು? ಅಕ್ಷರ ಬಲ್ಲ ನಾನು ಒಂದು ಗಂಟೆ ನೋಡಿ ಕೈಚೆಲ್ಲಿದೆ. ಅಕ್ಷರ ಬಾರದ ಚೌಡಮ್ಮ ಸೆರಗು ಸಿಕ್ಕಿಸಿಕೊಂಡು ಕುಳಿತಳು. ಸೊಪ್ಪನ್ನು ಬಣ್ಣ, ದಪ್ಪ, ಜಿಗುಟು ನೋಡಿ ವಿಂಗಡಿಸುವ ಹಾಗೆಯೇ ಹಾಳೆಯನ್ನೂ ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು, ಗುಡ್ಡೆ ಗುಡ್ಡೆಯಾಗಿ ಎಸೆದಳು. ಎರಡು ದಿನದಲ್ಲಿ ನಲವತ್ತು ಗುಡ್ಡೆ! ಪುಟದ ಅಂಕಿ ನೋಡಿ ಜೋಡಿಸುವುದಷ್ಟೇ ನಮಗುಳಿದ ಕೆಲಸ.

"ಇಷ್ಟು ಸರಿಯಾಗಿ ಹೇಗೆ ಚೌಡಮ್ಮ?" ಎಂದರೆ, "ಇದೇನ್ ಮಹಾ ಮೇಷ್ಟ್ರೇ? ಓದೋಕೋದ್ರೆ ತಲೆ ಕೆಡ್ತದೆ. ಮುಟ್ಟಿದ್ರೆ ಗೊತ್ತಾಯ್ತದೆ" ಎಂದಳು. ಅದರಲ್ಲಿ ಹದಿಮೂರು ಗುಡ್ಡೆಯನ್ನು ಮಾತ್ರ ಅವಳು 'ಕೊನೇ ದರ್ಜೆ' ಎಂದು ಪಕ್ಕಕ್ಕಿಟ್ಟಿದ್ದಳು. ನೋಡಿದೆ. ಎಲ್ಲವೂ ಪರೀಕ್ಷೆಯ ಗೈಡುಗಳು!

ಇರಲಿ, ಭಾನುವಾರಕ್ಕೆ ಬರೋಣ. ಈ ವರ್ಷದ ಮೊದಲ ಸೊಪ್ಪು ಮಾರನೆಯ ಬೆಳಿಗ್ಗೆ ಕುಯ್ಯುವುದಿತ್ತು. ಕುಯ್ದ ಸೊಪ್ಪನ್ನು ಅಂದೇ ಬ್ಯಾರನ್ನಿಗೆ ಏರಿಸಬೇಕು, ಕಾಯುವಂತಿಲ್ಲ. ಬ್ಯಾರನ್ನಿನ ಒಳಗೆ ಮೇಲಿನಿಂದ ಕೆಳಗಿನವರೆಗೆ ಪುಸ್ತಕ. ಲಕ್ಷ್ಮಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಅಣ್ಣ, ಎರಡು ಟ್ರಂಕಿನಷ್ಟು ಮಡಿಕಳ್ಳಿ ಅಂದಿವ್ನಿ. ಮಿಕ್ಕಿದ್ದುಕ್ಕೆ ಪಿರಿಯಾಪಟ್ಟಣದ ಗುಜರಿಯವ್ನಿಗೆ ಯೋಳಿವ್ನಿ, ಐದು ಗಂಟೆಗೆ ಗಾಡಿ ತತ್ತಾನೆ. ಅವ್ನು ಬರ್ನಿಲ್ಲ ಅಂದ್ರೆ ಒಲೆಗಾಕ್ತೀನಿ, ಸೌದೆಯಾದ್ರೂ ಉಳೀತದೆ. ಯಾವ್ದು ಮಡಿಕಳದು ಯಾವ್ದು ಕೊಡದು, ನೀವೇ ಬಂದು ನೋಡಿ. ನೀವೊಂದ್ಸಲ ಮಾಡಿದ್ದೀರಲ್ಲ, ನಿಮ್ಗೆ ಅಭ್ಯಾಸ ಅದೆ."

ಹೌದು, ಒಂದು ಸಲ ಮಾಡಿದ್ದೆ. ನಮ್ಮ ಕಡೆಯ ಶಾಲೆಗಳಲ್ಲಿ ಲೈಬ್ರರಿಯ ಬೀಗದ ಕೈ ಸಾಮಾನ್ಯವಾಗಿ ಡ್ರಿಲ್ ಮೇಷ್ಟ್ರ ಜೇಬಿನಲ್ಲೇ ಇರುತ್ತದೆ. ಅವನಿಗೆ ನೋಟ್ಸು ತಿದ್ದುವ ಕೆಲಸವಿಲ್ಲವಲ್ಲ! ನನ್ನ ಕೊನೆಯ ಶಾಲೆಯಲ್ಲಿ ಎರಡು ಅಲ್ಮೇರಾ, ಮುನ್ನೂರ ಹತ್ತು ಪುಸ್ತಕ. ನಿವೃತ್ತಿಗೆ ಎರಡು ವರ್ಷ ಮುಂಚೆ ಆ ಕೋಣೆ ಬೇರೆ ಕೆಲಸಕ್ಕೆ ಬೇಕೆಂದು ಹಳೆಯ ಪುಸ್ತಕ ವಿಲೇವಾರಿ ಮಾಡಲು ಹೇಳಿದರು. ಮಾಡಿದೆ. ಸಾಲಾಗಿ ಜೋಡಿಸಿ, ಎಣಿಸಿ, ರಿಜಿಸ್ಟರಿನಲ್ಲಿ ಷರಾ ಬರೆದು, ಗುಜರಿ ಗಾಡಿಗೆ ಏರಿಸಿದೆ. ಎಣಿಸುವಾಗ ಒಂದು ಕಡಿಮೆ ಬಂತು. 'ಗೆದ್ದಲು ತಿಂದಿದೆ' ಎಂದು ಬರೆದೆ. ಎಲ್ಲವೂ ನಿಯಮದ ಪ್ರಕಾರ. ಆ ದಿನ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು "ಹೌದಾ" ಎಂದಳು. ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಒಂದು ಪೀಪಿ ಊದಿ ಕೆಲಸ ಶುರುಮಾಡಿಸಿದೆ. ಭಾವಮೈದ ಅಂತಸ್ತಿನ ಮೇಲೆ. ಅವನಿಂದ ಲಕ್ಷ್ಮಿಗೆ, ಲಕ್ಷ್ಮಿಯಿಂದ ಚೌಡಮ್ಮನಿಗೆ, ಚೌಡಮ್ಮನಿಂದ ನನಗೆ. ನನ್ನ ಬಲಕ್ಕೆ ಉಳಿಸುವ ಸಾಲು, ಎಡಕ್ಕೆ ಕೊಡುವ ಸಾಲು. ನನ್ನ ಹೆಂಡತಿಗೆ ಹಲಸಿನ ಮರದ ಕೆಳಗೆ ಧೂಳು ಒರೆಸುವ ಕೆಲಸ.

ಅವಳಿಗೆ ಹಗುರ ಕೆಲಸ ಕೊಡಲು ಕಾರಣವಿತ್ತು. ಮೊದಲು ಸದಾ ಪುಸ್ತಕ ಹಿಡಿದಿರುತ್ತಿದ್ದವಳು ಎರಡು ವರ್ಷದಿಂದ ಒಂದನ್ನೂ ಮುಟ್ಟಿರಲಿಲ್ಲ. ಕಣ್ಣು ಮಂಜಾಗಿರಬೇಕೆಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಎಲ್ಲ ನೋಡಿ, "ಕಣ್ಣು ಚೆನ್ನಾಗಿದೆ, ಓದಬಹುದಲ್ಲ?" ಎಂದಿದ್ದರು. "ಓದ್ತೀನಿ, ಸರದಿ ಬರಲಿ" ಎಂದಿದ್ದಳು ಇವಳು. ಡಾಕ್ಟರಿಗೂ ಅರ್ಥವಾಗಲಿಲ್ಲ, ನನಗೂ ಅರ್ಥವಾಗಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ನಾನು ಮುನ್ನೂರು ದಾಟಿದ್ದೆ. ಹಳೆಯ ಪುಸ್ತಕಗಳ ಒಳಗೆ ಏನೇನು ಇರುತ್ತದೆ ಎಂದು ನನಗೆ ಅಂದೇ ತಿಳಿದದ್ದು. ಒಣಗಿದ ಕನಕಾಂಬರ. ಎಚ್.ಡಿ. ಕೋಟೆ ಬಸ್ಸಿನ ಟಿಕೇಟು. 'ಈ ಪುಸ್ತಕ ಕದ್ದವರಿಗೆ ಗಣಿತದಲ್ಲಿ ಸೊನ್ನೆ' ಎಂಬ ಶಾಪ. ಕೇರಳದಿಂದ ಬಂದು ಕೋಟೆಯಲ್ಲಿ ನೆಲೆಸಿದ ಬಾಟಲಿ ವ್ಯಾಪಾರಿ ಮಲಯಾಳದಲ್ಲಿ ಏನೋ ಲೆಕ್ಕ ಗೀಚಿದ ರಟ್ಟು. ಎಲ್ಲವನ್ನೂ ಎಡಕ್ಕೆ ಎಡಕ್ಕೆ ಹಾಕುತ್ತಿದ್ದೆ. ಪ್ರತಿ ಸಲ ಎಡಕ್ಕೆ ಹಾಕಿದಾಗಲೂ ಮೇಲಿನಿಂದ ಒಂದು "ಅಯ್ಯೋ ಭಾವ!" ಬೀಳುತ್ತಿತ್ತು.

"ಏನೋ ಅಯ್ಯೋ?"

"ಅದು ಕೋಟೇಲಿ ಮಳೇಲಿ ನೆನೀತಾ ಸಿಕ್ಕಿದ್ದು ಕಣ್ರೀ. ಅಂಗಿ ಬಿಚ್ಚಿ ಸುತ್ಕಂಡು ಬಂದೆ."

"ಪಶುವೈದ್ಯದ ಪುಸ್ತಕ, ಅರ್ಧ ಇಲ್ಲ."

"ಇರೋ ಅರ್ಧ ಅದೆಯಲ್ಲ!"

"ಎಡಕ್ಕೆ!"

ಆಗಲೇ ಚೌಡಮ್ಮನ ಕೈಯಿಂದ ಒಂದು ಪುಸ್ತಕ ಜಾರಿ ನನ್ನ ಕಾಲಬಳಿ ತೆರೆದುಕೊಂಡು ಬಿತ್ತು. ಎಣ್ಣೆಯ ಜಿಡ್ಡು, ಪೊಟ್ಟಣ ಕಟ್ಟಿದ ಮಡಿಕೆಯ ಗುರುತು. ಕಡಲೆಕಾಯಿ ಪುಸ್ತಕ ಎಂದು ತಕ್ಷಣ ತಿಳಿಯಿತು. ಹಾಳೆಗಳನ್ನು ದಪ್ಪ ದಾರದಲ್ಲಿ ಹೊಲಿದಿದ್ದ. ಬಗ್ಗಿ ಎತ್ತಿಕೊಂಡೆ. ಹದಿನೇಳನೆಯ ಪುಟ. ಮೂಲೆಯಲ್ಲಿ ನೇರಳೆ ಬಣ್ಣದ ದುಂಡು ಮೊಹರು. ನನ್ನ ಶಾಲೆಯದು. ಅದರ ಕೆಳಗೆ ನಂಬರು ೨೧೯. ಪಕ್ಕದಲ್ಲಿ ಒಂದು ಸಹಿ. ನನ್ನದು.

ಬುದ್ಧಿವಂತರಾದ ಓದುಗರಿಗೆ ಇದು ಯಾವಾಗಲೋ ಹೊಳೆದಿರಬಹುದು. ನಾನು ಡ್ರಿಲ್ ಮೇಷ್ಟ್ರು! ಮೊದಲ ಪುಟದ ಮೊಹರನ್ನು ಯಾರು ಬೇಕಾದರೂ ಹರಿದುಹಾಕಬಹುದೆಂದು, ಪ್ರತಿ ಪುಸ್ತಕದ ಹದಿನೇಳನೆಯ ಪುಟದಲ್ಲೂ ಗುಟ್ಟಾಗಿ ಇನ್ನೊಂದು ಮೊಹರು ಒತ್ತುವ ಪದ್ಧತಿ ಮಾಡಿದವನು ನಾನೇ. ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಿದ್ದೆ.

ಹೆಂಡತಿ ಕಾಫಿ ಕಾಯಿಸಲು ಮನೆಯೊಳಗೆ ಹೋಗಿದ್ದಳು. ಅಂತಸ್ತಿನ ಮೇಲಿದ್ದವನನ್ನು ಕೆಳಗಿಳಿಸಿದೆ.

"ಏನಿದು?"

ಅವನು ಪುಸ್ತಕ ನೋಡಿದ, ಮನೆಯ ಕಡೆ ನೋಡಿದ, ದನಿ ಇಳಿಸಿದ. "ಅಕ್ಕಂಗೆ ಯೋಳ್ಬ್ಯಾಡಿ ಭಾವ. ನಿಮ್ಗೆ ಗೊತ್ತಾಗ್ಬಾರ್ದು ಅಂದಿದ್ಲು."

ಅವನು ಹೇಳಿದ್ದಿಷ್ಟು. ಲೈಬ್ರರಿ ನನ್ನ ಕೈಗೆ ಬಂದಾಗ ಶನಿವಾರಕ್ಕೊಂದರಂತೆ ಅವಳಿಗೆ ಪುಸ್ತಕ ತಂದುಕೊಡುತ್ತಿದ್ದೆನಲ್ಲ? ಮೊದಲ ದಿನವೇ ನಿಯಮ ಹೇಳಿದ್ದೆ: ಒಂದನೇ ನಂಬರಿನಿಂದ ಶುರು, ಸರದಿ ಪ್ರಕಾರ, ಹಾರಿಸುವಂತಿಲ್ಲ. ನಾನು ಹೇಳಿ ಮರೆತೆ. ಅವಳು ಮರೆಯಲಿಲ್ಲ. ನಾನು ಎಲ್ಲವನ್ನೂ ಗುಜರಿಗೆ ಹಾಕಿದಾಗ ಅವಳು ನೂರ ಎಂಬತ್ತಾರು ಮುಗಿಸಿದ್ದಳು. ಆ ವಾರ ತವರಿಗೆ ಬಂದವಳು ತಮ್ಮನ ಮುಂದೆ, "ನೂರ ಎಂಬತ್ತೇಳರಲ್ಲಿ ಏನಿತ್ತೋ ಏನೋ ಕಣೋ" ಎಂದಳಂತೆ. ಅಷ್ಟೇ. ಅವನು ಮಾರನೇ ದಿನವೇ ಮೊಪೆಡ್ ಹೊರಡಿಸಿದ.

"ಗುಜರಿಯವ್ರು ಒಂದೊಂದು ಕೊಡಲ್ಲ, ಕಟ್ಟೇ ತಗೋ ಅಂತಾರೆ. ಅಂಗಾಗಿ ಮಿಕ್ಕಿದ್ದೆಲ್ಲ ಬಂತು" ಎಂದ, ಬ್ಯಾರನ್ನಿನ ಕಡೆ ಕೈ ತೋರಿಸಿ, ತಪ್ಪು ಮಾಡಿದವನ ಹಾಗೆ. "ಎರಡ್ನೂರ ನಲವತ್ತರ ಗಂಟ ಎಲ್ಲಾನೂವೆ ಅಕ್ಕಂಗೆ ಕೊಟ್ಟಿವ್ನಿ. ಓದ್ಬುಟ್ಟು ವಾಪಸ್ ಕೊಟ್ಟವ್ಳೆ. ಮುಂದಿನವೂ ಸುಮಾರು ಸಿಕ್ಕವೆ, ಟ್ರಂಕಲ್ಲಿ ಅವೆ. ಎರಡ್ನೂರ ನಲವತ್ತೊಂದು ಒಂದೇ ಇಲ್ಲ ಕಣ್ರೀ. ಎರಡು ವರ್ಸ ಆಯ್ತು. ಬೇರೇದು ಓದಕ್ಕ ಅಂದ್ರೆ, 'ನಿಮ್ ಭಾವ ಸರದಿ ತಪ್ಪಿಸ್ಬಾರ್ದು ಅಂದವ್ರೆ' ಅಂತಾಳೆ."

ಬ್ಯಾರನ್ನಿನ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಅಂಕಿಗಳನ್ನು ಅಲ್ಲಿಯವರೆಗೆ ನಾನು ಶಾಖದ ಲೆಕ್ಕವೆಂದು ತಿಳಿದಿದ್ದೆ. ಮುನ್ನೂರು ಡಿಗ್ರಿ ಶಾಖ ಕೊಟ್ಟರೆ ಸೊಪ್ಪಿನ ಜೊತೆ ಬ್ಯಾರನ್ನೂ ಬೂದಿಯಾಗುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ! ೧೮೭ರಿಂದ ೩೧೦ರವರೆಗೆ. ಸಿಕ್ಕಿದ್ದಕ್ಕೆಲ್ಲ ಅಡ್ಡಗೀಟು. ೨೪೧ರ ಸುತ್ತ ಒಂದು ಸೊನ್ನೆ. ಅದರ ಮೇಲೆ ಇನ್ನೊಂದು ಸೊನ್ನೆ. ಇದ್ದಿಲು ಒತ್ತಿ ಒತ್ತಿ ಗಾರೆ ಕಿತ್ತುಹೋಗಿತ್ತು.

"ಈ ಗುಡ್ಡೆಗಳಲ್ಲಿ ಇನ್ನ ಮೂರು ಮೂಟೆ ಬಿಚ್ಚಿಲ್ಲ ಭಾವ. ಅದ್ರಲ್ಲಿ ಇರ್ಬೋದು. ಅದ್ಕೇ ಯೋಳಿದ್ದು, ಎಡಕ್ಕಾಕ್ಬೇಡಿ ಅಂತ."

ಕಾಫಿ ಬಂತು. ಕುಡಿದೆ. ಏನು ರುಚಿಯಿತ್ತೋ ನೆನಪಿಲ್ಲ. ೨೪೧ ಯಾವುದು? ಎದುರಿಗೆ ಜಗಲಿಯ ಮೇಲೆ ನನ್ನ ಕಿಟ್ ಬ್ಯಾಗು ಕುಳಿತಿತ್ತು.

ನಾನು ಓದುವವನಲ್ಲ. ಆದರೆ ಒಂದೇ ಒಂದು ಪುಸ್ತಕ ದಿನಾ ಬೆಳಿಗ್ಗೆ ಐದೂವರೆಗೆ ತೆಗೆಯುತ್ತೇನೆ. ವ್ಯಾಯಾಮದ್ದು, ಚಿತ್ರಗಳಿರುವುದು. ಯಾವುದೋ ವರ್ಷ ಕ್ರೀಡಾಕೂಟಕ್ಕೆ ಪಿರಮಿಡ್ ನಿಲ್ಲಿಸಬೇಕಾದಾಗ ಎಲ್ಲಿಂದಲೋ ತೆಗೆದುಕೊಂಡು, ಕಂದು ಕಾಗದದ ಬೈಂಡು ಹಾಕಿ, ಮೇಲೆ ನನ್ನ ಹೆಸರು ಬರೆದದ್ದು. ಎಲ್ಲಿಂದ ತೆಗೆದುಕೊಂಡಿದ್ದೆ?

ಜಗಲಿಗೆ ಹೋದೆ. ಬ್ಯಾಗಿನ ಜಿಪ್ಪು ಎಳೆದೆ. ಹದಿನೇಳನೆಯ ಪುಟ ತೆಗೆದೆ.

ದುಂಡು ಮೊಹರು. ೨೪೧. ಗೆದ್ದಲು ತಿಂದಿದೆ ಎಂದು ಬರೆದಿದ್ದೆನಲ್ಲ, ಆ ಗೆದ್ದಲು ನಾನೇ!

ಪುಸ್ತಕ ತಡವಾಗಿ ತಂದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹನ್ನೊಂದು ವರ್ಷಕ್ಕೆ ಎಷ್ಟು ಹೊತ್ತು ನಿಲ್ಲಬೇಕು? ಒಪ್ಪಿಕೊಳ್ಳುವುದೇ ಸರಿ ಎಂದು ಪೀಪಿ ಬಾಯಿಗಿಟ್ಟೆ. ಆಗ ಭಾವಮೈದನನ್ನು ನೋಡಿದೆ. ಬಿಚ್ಚದ ಮೂಟೆಯೊಂದನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಹಗ್ಗದ ಗಂಟನ್ನು ಹಲ್ಲಿನಿಂದ ಬಿಡಿಸುತ್ತಿದ್ದ. ಬಿಚ್ಚಿ, ಒಳಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡ. ಒಂದು ಎಳೆದ. ಹದಿನೇಳನೆಯ ಪುಟ. ಇಲ್ಲ. ಮತ್ತೊಂದು. ಇಲ್ಲ. ಎರಡು ವರ್ಷ ನಾಲ್ಕು ತಾಲ್ಲೂಕು ಸುತ್ತಿದವನ ಮುಂದೆ ಹೋಗಿ "ತಗೋ, ನನ್ನ ಬ್ಯಾಗಿನಲ್ಲೇ ಇತ್ತು" ಎನ್ನುವುದೇ? ನಾನು ಪೀಪಿ ಕೆಳಗಿಳಿಸಿದೆ.

ಕಂದು ಬೈಂಡು ಬಿಚ್ಚಿ ಮಡಿಸಿ ಪ್ಯಾಂಟಿನ ಜೇಬಿಗೆ ತುರುಕಿದೆ. ಪುಸ್ತಕವನ್ನು ಬೆನ್ನಿಗೆ ಒತ್ತಿ ಹಿಡಿದುಕೊಂಡು ಮೂರನೆಯ ಮೂಟೆಯ ಹತ್ತಿರ ನಡೆದೆ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕಳ್ಳ ಹೆಜ್ಜೆ. ಮೊಣಕಾಲು ಚಟ್ ಎಂದಿತು! ಮೂಟೆಯ ಹೊಲಿಗೆ ಬಿಟ್ಟ ಕಡೆ, ಎರಡು ಪುಸ್ತಕಗಳ ಸಂದಿಯಲ್ಲಿ ಅದನ್ನು ಒಳಗೆ ತಳ್ಳಿದೆ. ತಲೆ ಎತ್ತಿದರೆ ಎದುರಿಗೆ ಚೌಡಮ್ಮ.

"ಏನ್ ಮೇಷ್ಟ್ರೇ, ತೆಗಿಯಕ್ ಬಂದವ್ರು ತುಂಬ್ತಾ ಇದ್ದೀರಿ?"

"ನಿನ್ನ ಕೆಲಸ ನೋಡು ಚೌಡಮ್ಮ."

"ನೋಡ್ತಾವ್ನಿ ಬುಡಿ" ಎಂದಳು, ನಗುತ್ತ.

ಊಟವಾಯಿತು. ಎರಡನೆಯ ಮೂಟೆಯೂ ಮುಗಿಯಿತು. ನಾಲ್ಕೂ ಹತ್ತಕ್ಕೆ ಮೂರನೆಯದಕ್ಕೆ ಕೈ ಹಾಕಿದ. ನಾನು ಎಡ ಬಲ ಯಾವುದಕ್ಕೂ ಹಾಕದೆ ಒಂದೇ ಪುಸ್ತಕವನ್ನು ಹಿಡಿದು ನಿಂತಿದ್ದೆ. ಅವನು ಎಳೆದ, ನೋಡಿದ, ಬಿಟ್ಟ. ಎಳೆದ, ನೋಡಿದ, ಬಿಟ್ಟ. ಇವನಿಗೆ ಸರಿಯಾದ ಕಡೆ ಕೈ ಹಾಕಲು ಬರುವುದಿಲ್ಲವೇ! ಹೊಲಿಗೆ ಬಿಟ್ಟ ಕಡೆ ಕಣೋ, ಎಂದು ಕೂಗಬೇಕೆನ್ನಿಸಿತು. ನಾಲ್ಕೂ ಇಪ್ಪತ್ತೈದು. ಒಂದು ಪುಸ್ತಕ ತೆಗೆದ. ಹದಿನೇಳನೆಯ ಪುಟ. ಮುಚ್ಚಲಿಲ್ಲ.

ಗೋಡೆಯ ಹತ್ತಿರ ಹೋದ. ಗೋಡೆಯ ಅಂಕಿ ನೋಡಿದ, ಪುಟದ ಅಂಕಿ ನೋಡಿದ. ಮತ್ತೆ ಗೋಡೆ, ಮತ್ತೆ ಪುಟ. ಆಮೇಲೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ಅಕ್ಕಾ" ಎಂದ. ಜೋರಾಗಿ ಅಲ್ಲ. ಪಕ್ಕದ ಹೊಲದವರೆಗೆ ಕೂಗುವ ಗಂಟಲು ಅವನದು. ಆಗ ಅದು ಹಲಸಿನ ಮರದವರೆಗೂ ಮುಟ್ಟಲಿಲ್ಲ. ಚೌಡಮ್ಮನೇ ಕೂಗಿ ಹೇಳಬೇಕಾಯಿತು: "ಅಮ್ಮಾರೇ, ಬನ್ನಿ, ನಿಮ್ ತಮ್ಮಂಗೆ ಅದ್ಯಾವುದೋ ಸಿಕ್ತಂತೆ!"

ಐದು ಗಂಟೆಗೆ ಗುಜರಿ ಗಾಡಿ ಬಂತು. ಲಕ್ಷ್ಮಿ ಎಡಗಡೆಯ ಸಾಲು ತೋರಿಸುವ ಮುಂಚೆ ನಾನು ಪೀಪಿ ಊದಿದೆ. "ಗಾಡಿ ವಾಪಸ್. ಎಡಗಡೆಯದೆಲ್ಲ ಹುಣಸೂರಿಗೆ, ನಮ್ಮ ಮನೆಯ ಮಹಡಿ ಕೋಣೆಗೆ. ಟ್ರ್ಯಾಕ್ಟರ್ ಹೊರಡಿಸು."

"ಅಣ್ಣ, ನಿಮ್ಗೂ ಅಂಟ್ಕತಾ ಈ ರೋಗ?" ಎಂದು ಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟಳು.

"ಒಂದು ಸಲ ಮಾರಿದ್ದೇನೆ. ಸಾಕು."

ಭಾವಮೈದ ಟ್ರೇಲರಿಗೆ ಪುಸ್ತಕ ತುಂಬುತ್ತ, ಬಂದು ಹೋಗುವವರಿಗೆಲ್ಲ ಮೂರನೆಯ ಮೂಟೆಯ ಕಥೆ ಹೇಳುತ್ತಿದ್ದ. ಗುಜರಿಯವನಿಗೂ ಹೇಳಿದ. ನಾಲ್ಕನೆಯ ಸಲ ಹೇಳುವ ಹೊತ್ತಿಗೆ, ಕೈ ಹಾಕುವ ಮುಂಚೆಯೇ ಬೆರಳು ಜುಮ್ ಎಂದಿತ್ತಂತೆ. ಗೋಡೆಯ ೨೪೧ಕ್ಕೆ ಅಡ್ಡಗೀಟು ಹಾಕುವಾಗ ಇದ್ದಿಲು ಎರಡು ತುಂಡಾಯಿತು.

ಆರೂ ಹತ್ತಕ್ಕೆ ಬ್ಯಾರನ್ನು ಖಾಲಿ. ಚೌಡಮ್ಮ ಒಳಗೆ ಗುಡಿಸಿ ನೀರು ಚಿಮುಕಿಸಿದಳು. ನನ್ನ ಹೆಂಡತಿ ಹಲಸಿನ ಮರದ ಕೆಳಗೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಎರಡು ವರ್ಷ ಕಾದು ಸಿಕ್ಕಿದ್ದು ದಂಡ ಬಸ್ಕಿಯ ಪುಸ್ತಕ! ಅವಳ ಮುಖದಲ್ಲಿ ನಿರಾಸೆಯೇನೂ ಕಾಣಲಿಲ್ಲ. ಮೊದಲ ಪುಟ ತೆಗೆದು, ಮೂಗಿನ ಹತ್ತಿರ ಹಿಡಿದಳು.

"ಹೊಗೆಸೊಪ್ಪಿನ ವಾಸನೆ ಇಲ್ವಲ್ಲ" ಎಂದಳು.

ನಾನು ಬೆಟ್ಟದ ಕಡೆ ನೋಡಿದೆ.

"ನೋವಿನೆಣ್ಣೆ ವಾಸನೆ."

ನನ್ನ ಕಿಟ್ ಬ್ಯಾಗಿನಲ್ಲಿ ಮೊಣಕಾಲಿಗೆ ಹಚ್ಚುವ ಎಣ್ಣೆಯ ಸೀಸೆ ಇರುತ್ತದೆ. ಅದರ ಮುಚ್ಚಳ ಸ್ವಲ್ಪ ಸಡಿಲ.

ಅವಳು ಟ್ರೇಲರಿನ ಮೇಲೆ ನಿಂತು ಕೈಯಾಡಿಸುತ್ತ ಕಥೆ ಹೇಳುತ್ತಿದ್ದ ತಮ್ಮನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆಗೆ ಕೈ ಚಾಚಿ, "ನಿಮ್ಮ ಜೇಬಿನಲ್ಲಿ ಬೈಂಡ್ ಇಣುಕ್ತಾ ಇದೆ. ಅದನ್ನೇ ಹಾಕಿಕೊಡಿ. ಅವನಿಗೆ ಕಾಣದ ಹಾಗೆ" ಎಂದಳು.

ಟ್ರ್ಯಾಕ್ಟರಿನ ಮರೆಯಲ್ಲಿ ಕುಳಿತು, ನನ್ನ ಹೆಸರು ಒಳಮಗ್ಗುಲಿಗೆ ಹೋಗುವಂತೆ ಕಾಗದ ತಿರುಗಿಸಿ, ನಾಲ್ಕು ಮೂಲೆ ಮಡಿಸಿ, ೨೪೧ಕ್ಕೆ ಬೈಂಡು ಹಾಕಿ ಅವಳ ಕೈಗೆ ಕೊಟ್ಟೆ. ಆ ದಿನದ ಕೊನೆಯ ಕೆಲಸ ಅದು.